ಆಯಿ ಹೇಳದ ಮಾತು

ಬೆಳಗಿನ ಜಾವ ಎಲ್ಲಿಂದಲಾದರೂ ಹಾರ್ಮೋನಿಯಂ ದನಿ ಕೇಳಿದರೆ ಸಾಕು, ಈ ವಯಸ್ಸಿನಲ್ಲೂ ನನ್ನ ಕಾಲು ಹಾಸಿಗೆಯಲ್ಲಿ ನಿಲ್ಲುವುದಿಲ್ಲ. ಧಾರವಾಡದ ನಮ್ಮ ಹೆಂಚಿನ ಮನೆಗೆ ಈಸ್ಟರ್ ಬರುತ್ತಿದ್ದುದೇ ಹಾಗೆ. ಕೋಳಿ ಕೂಗುವ ಮೊದಲೇ ಚರ್ಚಿನ ಮಂದಿ ಓಣಿಯ ಆ ತುದಿಯಿಂದ ಹಾಡುತ್ತ ಹೊರಡುತ್ತಿದ್ದರು. ಮುಂದೆ ಕೊರಳಿಗೆ ಹಾರ್ಮೋನಿಯಂ ಪೆಟ್ಟಿಗೆ ತೂಗುಹಾಕಿಕೊಂಡ ಸಮುವೇಲ ಮಾಸ್ತರು, ಹಿಂದೆ ತಾಳ, ದಮ್ಮಡಿ, ಕಂದೀಲು, ಅರೆನಿದ್ದೆಯ ಮಕ್ಕಳು. ಬಂದರು, ಬಂದರು! ಹಾಡು ಒಂದೊಂದೇ ಮನೆ ದಾಟಿ ಹತ್ತಿರವಾದಂತೆ ನಾನು ಬಾಗಿಲಿಗೂ ಕಿಟಕಿಗೂ ಓಡಾಡುತ್ತಿದ್ದೆ. ನಿಮ್ಮ ಓಣಿಯಲ್ಲೂ ಇಂಥದೊಂದು ಬೆಳಗು ಇದ್ದಿರಬೇಕು, ನಿಮಗೂ ಗೊತ್ತು ಆ ಸಡಗರ. ಪ್ರತಿ ಮನೆಯ ಮುಂದೆ ಮಾಸ್ತರು "ಕರ್ತನು ಎದ್ದಿದ್ದಾನೆ!" ಎಂದು ಕೂಗುವುದು, ಮನೆಯ ಹಿರಿಯರು ಬಾಗಿಲು ತೆರೆದು "ನಿಜವಾಗಿ ಎದ್ದಿದ್ದಾನೆ!" ಎನ್ನುವುದು, ಆಮೇಲೆ ಆ ಮನೆಯವರೂ ಮೆರವಣಿಗೆ ಸೇರುವುದು ವಾಡಿಕೆ. ನಮ್ಮ ಮನೆಯಲ್ಲಿ ಹಾಗೆ ಹೇಳುವವಳು ನನ್ನ ಅಜ್ಜಿ. ನಾವು ಆಯಿ ಎನ್ನುತ್ತಿದ್ದೆವು. ಅವಳು ಬಾಯಿ ತೆರೆದರೆ ಆಚೆ ಓಣಿಯ ನಾಯಿಗಳೂ ಎದ್ದು ಕೂಡುತ್ತಿದ್ದವು.

ನನಗೆ ಒಂಬತ್ತು ವರ್ಷವಾಗಿದ್ದಾಗ, ಈಸ್ಟರಿಗೆ ಹದಿನೈದೇ ದಿನ ಇರುವಾಗ, ಆಯಿಯ ಕಿರಿಯ ಮಗ ಪ್ರಭಾಕರ ಕಾಕಾ ಕಾಮಾಲೆಯಿಂದ ತೀರಿಕೊಂಡ. ಅವನಿಗಾಗಿ ಆಯಿ ಒಪ್ಪತ್ತು ಉಂಡು, ಮೊಣಕಾಲೂರಿ ಬೇಡಿದ್ದಳು. ಆ ವರ್ಷ ಮನೆಯಲ್ಲಿ ಯಾರೂ ಹಬ್ಬದ ಹೆಸರೆತ್ತಲಿಲ್ಲ. ಆದರೂ, ಹೇಳಲು ನಾಚಿಕೆಯಾಗುತ್ತದೆ, ಹಾಡು ಕೇಳಿದೊಡನೆ ನಾನು ಜಿಗಿದೆದ್ದೆ. ಆಯಿ ಆಗಲೇ ಬಾಗಿಲ ಹಿಂದೆ ನಿಂತಿದ್ದಳು. ಮಾಸ್ತರು ಕೂಗಿದರು. ಆಯಿ ತುಟಿ ಬಿಚ್ಚಲಿಲ್ಲ. ಮತ್ತೊಮ್ಮೆ ಕೂಗಿದರು. ತಾಳ ನಿಂತಿತು. ನಮ್ಮನ್ನು ಬಿಟ್ಟು ಮುಂದಿನ ಮನೆಗೆ ಹೋಗಿಬಿಟ್ಟರೆ? ನನಗೆ ಅಳುವೇ ಬಂತು. ಆಗ ಆಯಿ ಬಾಗಿಲು ತೆರೆದಳು.

"ಮಾಸ್ತರ, ಆ ಮಾತು ಇವತ್ತ ನನ್ನ ಬಾಯಾಗ ಬರವಲ್ದು. ಸುಳ್ಳು ಹೇಳಾಕ ಆಗೂದಿಲ್ರಿ. ನೀವ ಹಾಡ್ರಿ, ನಾ ಕೂಡ ಬರ್ತೇನಿ."

ಸೆರಗು ತಲೆಯ ಮೇಲೆಳೆದುಕೊಂಡು ಎಲ್ಲರಿಗಿಂತ ಮುಂದೆ ನಡೆದೇಬಿಟ್ಟಳು. ಅವಳ ಬದಲು ನಾನೇ ಗಂಟಲು ಹರಿಯುವಂತೆ ಕೂಗಿದೆ. ಮೆರವಣಿಗೆ ಕೊನೆಗೆ ಸೇರುವ ಸಮಾಧಿ ಭೂಮಿಯಲ್ಲಿ ಸೂರ್ಯ ಹುಟ್ಟುವಾಗ ಎಲ್ಲರೂ ಹಾಡಿದರು, ಆಯಿ ಕಾಕಾನ ಹಸಿ ಮಣ್ಣಿನ ಪಕ್ಕ ಸುಮ್ಮನೆ ನಿಂತಿದ್ದಳು. "ಮುದುಕಿ ಇನ್ನ ಚರ್ಚಿನ ಕಡೆ ಹಾಯಂಗಿಲ್ಲ ಬಿಡ್ರಿ" ಎಂದು ಯಾರೋ ಪಿಸುಗುಟ್ಟಿದರು. ಆಡುವವರ ಬಾಯಿಗೆ ಬೀಗ ಹಾಕಲಾದೀತೆ? ಮುಂದಿನ ಭಾನುವಾರ ಆಯಿ ಮೊದಲ ಬೆಂಚಿನಲ್ಲಿದ್ದಳು. ಆಮೇಲೆ ಮಳೆ ಬರಲಿ, ಮೊಣಕಾಲು ಬಾತುಕೊಳ್ಳಲಿ, ಒಂದು ಭಾನುವಾರವೂ ತಪ್ಪಿಸಲಿಲ್ಲ. ಈಸ್ಟರಿನಂದು ಮಾತ್ರ ಬಾಗಿಲು ತೆರೆಯುವವಳು ಅವಳು, ಕೂಗುವವಳು ನಾನು.

ಸಪ್ತಾಪುರದಲ್ಲಿ ಕಾಲೇಜು ಓದುವಾಗ ನಾನೇ ಚರ್ಚಿಗೆ ಹೋಗುವುದನ್ನು ಬಿಟ್ಟಿದ್ದೆ. ದೊಡ್ಡ ಜಾಣೆಯಂತೆ ಒಮ್ಮೆ ಕೇಳಿದೆ, "ನಂಬಿಕಿ ಹ್ವಾದಮ್ಯಾಲೂ ಯಾಕ ಹೋಗ್ತಿ ಆಯಿ?" ಅವಳು ನಕ್ಕುಬಿಟ್ಟಳು. "ನಂಬಿಕಿ ಹ್ವಾತಂತ ಯಾರ ಹೇಳಿದ್ರು ನಿನಗ? ನಾ ಆ ಕರ್ತನ ಕೂಡ ಜಗಳಾ ತಗದೇನಿ. ಜಗಳಾಡಾಕರ ಅಂವ ಇರಬೇಕಲ್ಲ?" ಮುಂದಿನ ಭಾನುವಾರ ಅವಳ ಕೈ ಹಿಡಿದುಕೊಂಡು ನಾನೂ ಹೋದೆ.

ಹೆಂಚಿನ ಮನೆ ಹೋಯಿತು. ನಾವು ನವನಗರಕ್ಕೆ ಬಂದೆವು. ಮಾಸ್ತರೂ ಹೋದರು, ಅವರೊಡನೆ ಆ ಮೆರವಣಿಗೆಯೂ. ಈಗ ಹಬ್ಬದ ಶುಭಾಶಯ ಮೊಬೈಲಿಗೆ ಬರುತ್ತದೆ. ಹೋದ ವರ್ಷ ಆಯಿ ಹಾಸಿಗೆ ಹಿಡಿದಳು. ಒಂದು ಮುಂಜಾನೆ ನಾನು ಅವಳ ತಲೆ ಬಾಚುತ್ತ, ನಗಿಸಬೇಕೆಂದು, "ಜಗಳಾ ಮುಗೀತೇನು ಆಯಿ?" ಎಂದೆ. ಅವಳ ಕಣ್ಣು ಮಿಂಚಿತು, ಊರಿಗೆ ಹೊರಟ ಹುಡುಗಿಯ ಹಾಗೆ.

"ಎಲ್ಲಿ ಮುಗೀತು? ಇನ್ನೇನ ಭೆಟ್ಟಿ ಆಗ್ತೇನಲ್ಲ, ಮಾರಿ ನೋಡೇ ಕೇಳ್ತೇನಿ. ಲಗೂ ಬಾಚು, ಛಲೋ ಸೀರಿ ಉಡಸು."

ಬಿಳಿ ಸೀರೆ ಉಡಿಸಿದೆ. ಎರಡು ದಿನಕ್ಕೆ ಹೋದಳು. ಅವನು ಏನು ಹೇಳಿದನೋ ನನಗೆ ಗೊತ್ತಿಲ್ಲ. ಆಯಿ ಮಾತ್ರ ಕೇಳದೆ ಬಿಟ್ಟಿರಲಿಕ್ಕಿಲ್ಲ.