ಲಿಂಗಮ್ಮ ಕಾದ ಪೆಟ್ಟಿಗೆ

ನನ್ನ ವಾರಗಿತ್ತಿ ಲಿಂಗಮ್ಮನ ತಲೆಯಲ್ಲಿ ಏನಿತ್ತೆಂದು ಆ ರಂಗನಾಥಸ್ವಾಮಿಗೇ ಗೊತ್ತಿರಲಿಲ್ಲ, ಇನ್ನು ನನಗೆಲ್ಲಿ ಗೊತ್ತಾಗಬೇಕು? ಅವಳು ಹಿರಿಸೊಸೆ, ನಾನು ಪಾಪಮ್ಮ, ಕಿರಿಸೊಸೆ. ಒಂದೇ ಒಲೆಯಲ್ಲಿ ಬೇಯಿಸಿ ಉಂಡವರು. ಆದರೂ ಆ ವರ್ಷ ಅವಳು ಮಾಡಿದ್ದನ್ನು ನೆನೆದರೆ ಈಗಲೂ ತಲೆ ಚಿಟ್ಟು ಹಿಡಿಯುತ್ತದೆ.

ನಾಲ್ವಡಿಯವರು ಪಟ್ಟದಲ್ಲಿದ್ದ ಕಾಲ. ಸಖರಾಯಪಟ್ಟಣದ ನಮ್ಮ ಮನೆಯಲ್ಲಿ ಮಾತ್ರ ಅತ್ತೆ ಹುಚ್ಚಮ್ಮನದೇ ದರ್ಬಾರು. ಕೀಲಿಕೈ ಗೊಂಚಲು ಅವರ ಸೊಂಟ ಬಿಟ್ಟು ಇಳಿದದ್ದಿಲ್ಲ. ಒಂದು ಪಾವು ಬೇಳೆ ಬೇಕಾದರೂ ಲಿಂಗಮ್ಮ ಕೈಕಟ್ಟಿ ನಿಲ್ಲಬೇಕು. ಇಪ್ಪತ್ತು ವರ್ಷ ನಿಂತಳು, ಪಾಪ. "ಒಂದಿನ ಆ ಗೊಂಚಲು ನನ್ನ ಸೊಂಟಕ್ಕೆ ಬಂದೇ ಬತ್ತದೆ ಕಣೇ" ಎಂದು ಒಲೆ ಮುಂದೆ ನನ್ನ ಹತ್ತಿರ ಹೇಳಿಕೊಳ್ಳುತ್ತಿದ್ದಳು.

ಸಾಯುವಾಗ ಅತ್ತೆ ಕೀಲಿಕೈ ಮಾತೇ ಎತ್ತಲಿಲ್ಲ. ತವರಿಂದ ತಂದು ಜಗಲಿಯಲ್ಲಿ ಇಟ್ಟುಕೊಂಡಿದ್ದ ಜೇನುಪೆಟ್ಟಿಗೆಯ ಕಡೆ ಕೈ ತೋರಿಸಿ, "ಲಿಂಗೀ, ಜೇನು ನೋಡ್ಕೊಳೇ. ಇನ್ಯಾರ ಕೈಲೂ ಆಗಲ್ಲ" ಎಂದರು. ಅವಳನ್ನು ನಂಬಿ ಅವರು ಕೊಟ್ಟದ್ದು ಅದೊಂದೇ. ಕೊಟ್ಟೂ ಕೊಟ್ಟರು, ಕಚ್ಚುವುದನ್ನು!

ಜೋಯಿಸರು ಕೆಟ್ಟ ನಕ್ಷತ್ರದ ಸಾವು ಎಂದರು. ಮೂರು ತಿಂಗಳು ಮನೆ ಬಿಡಬೇಕು. ಬಾಗಿಲಿಗೆ ಮುಳ್ಳಿನ ಕೊಂಬೆ ಅಡ್ಡವಿಟ್ಟು, ಊರಾಚೆಯ ತೆಂಗಿನ ತೋಟದ ಗುಡಿಸಲು ಸೇರಿದೆವು. ಜೇನುಪೆಟ್ಟಿಗೆಯೂ ಜೊತೆಗೆ ಬಂತು. ಮಾರನೆಯ ದಿನ ಮೇಯಲು ಹಾರಿದ ಹುಳಗಳು ತೋಟಕ್ಕೆ ಬರಲಿಲ್ಲ. ಹಳೆಯ ಜಗಲಿಗೇ ಹೋಗಿ, ಪೆಟ್ಟಿಗೆ ಇದ್ದ ಕಡೆ ಗೋಡೆಗೆ ಅಂಟಿಕೊಂಡು ಸತ್ತವು. ಲಿಂಗಮ್ಮ ಅವನ್ನು ಸೆರಗಿನಲ್ಲಿ ತುಂಬಿ ತಂದು ಅತ್ತಳು. "ಮನೆ ಬಿಟ್ಟಿದ್ದು ನಾವು. ಇವಕ್ಕೆ ಯಾರು ಹೇಳಿದ್ರು?" ಅತ್ತೆ ಹೋದಾಗಲೂ ಅವಳು ಅಷ್ಟು ಅತ್ತಿರಲಿಲ್ಲ.

ಮೂರನೆಯ ತಿಂಗಳಲ್ಲಿ ಇನ್ನೊಂದು ರಗಳೆ. ಅರ್ಧ ಜೇನು ಹಳೆಯ ರಾಣಿಯ ಜೊತೆ ಎದ್ದು ಹಾರಿಹೋಯಿತು. ಉಳಿದವು ಹೊಸ ರಾಣಿಯನ್ನು ಸಾಕಿಕೊಳ್ಳುತ್ತವೆ ಎಂದಳು ಲಿಂಗಮ್ಮ. ಜೇನು ಕಟ್ಟಿದ ಮೇಣದ ಎರಿಯ ತುದಿಯಲ್ಲಿ ಕಡಲೆಕಾಯಿಯಂತೆ ನೇತಾಡುತ್ತಿದ್ದ ರಾಣಿಗೂಡು ಒಡೆದೂ ಇತ್ತು. ಆದರೆ ಹೊರಬಂದವಳು ಎಲ್ಲಿ? ಒಂದು ಮೊಟ್ಟೆಯೂ ಕಾಣದು. ನಾನೂ ಬಗ್ಗಿ ನೋಡಿ, ದಪ್ಪನೆಯದೊಂದನ್ನು ತೋರಿಸಿ "ಅಗೋ ರಾಣಿ!" ಎಂದೆ.

"ಥೂ, ಅದು ಗಂಡು ಹುಳ ಕಣೇ" ಎಂದು ನಕ್ಕಳು. ನಕ್ಕವಳ ಮುಖ ಅಲ್ಲೇ ಬಾಡಿತು. ಬೆಳಿಗ್ಗೆ ಪೆಟ್ಟಿಗೆಗೆ ಕಿವಿಯಿಟ್ಟು "ರಾಣಿ ಒಳಗವ್ಳೆ ಅನ್ಸುತ್ತೆ" ಎನ್ನುವಳು, ಸಂಜೆ "ಇಲ್ಲ ಕಣೇ, ಗೋಳಾಡ್ತಾವೆ ಕೇಳು" ಎನ್ನುವಳು. ನನಗೆ ಬೆಳಗಿನ ಸದ್ದೂ ಸಂಜೆಯ ಸದ್ದೂ ಒಂದೇ.

ಅಷ್ಟರಲ್ಲಿ ಮನೆ ಸೇರುವ ದಿನ ಬಂತು. ತಪ್ಪಿದರೆ ಮುಂದೆ ಆಷಾಢ. ಅವತ್ತು ಹಾಲುಕ್ಕಿಸಿದ ಸೊಸೆಯ ಸೊಂಟಕ್ಕೇ ಕೀಲಿಕೈ ಎಂಬುದು ನಮ್ಮ ಮನೆಯ ಪದ್ಧತಿ. ಉಕ್ಕಿಸಿದವಳು ಮತ್ತೆ ಹೊರಗೆ ರಾತ್ರಿ ಕಳೆಯುವಂತಿಲ್ಲ. ಲಿಂಗಮ್ಮ ಮಿಂದು ಹೊಸ ಸೀರೆ ಉಟ್ಟಳು. ಅವಳ ಗಂಡ, ನಮ್ಮ ಬಾವ ರಂಗಪ್ಪ, ಪೆಟ್ಟಿಗೆ ಎತ್ತಲು ಬಗ್ಗಿದಾಗ ಅಡ್ಡ ನಿಂತಳು.

"ಮುಟ್ಬೇಡಿ. ಹೊಸ ರಾಣಿ ಗಂಡು ಕೂಡಕ್ಕೆ ಹಾರಿ ಹೋಗೋ ಕಾಲ ಇದು. ತಿರುಗಿ ಬಂದಾಗ ಪೆಟ್ಟಿಗೆ ಇದ್ದಲ್ಲೇ ಇರ್ಬೇಕು."

"ರಾಣಿ ಅವ್ಳೋ, ಇಲ್ವೋ?"

"ಗೊತ್ತಿಲ್ಲ."

"ಹಂಗಾರೆ ಪೆಟ್ಟಿಗೆ ಇರ್ಲಿ, ನೀನು ಬಾ."

"ಕಾಯೋರಿಲ್ದಿದ್ರೆ ಕರಡಿ ಬಿಡ್ತದಾ?"

"ಆಳು ಕಾಯ್ತಾನೆ ಬಾರೇ!"

"ಅತ್ತೆ ಆಳಿಗೆ ಹೇಳ್ಲಿಲ್ಲ. ನಂಗೆ ಹೇಳಿದ್ರು. ಪಾಪಮ್ಮ ಹಾಲುಕ್ಕಿಸ್ಲಿ, ಹೋಗಿ."

ನನಗೆ ಸಿಟ್ಟು ನೆತ್ತಿಗೇರಿತು. "ಅಕ್ಕಾ, ಹುಚ್ಚಾ ನಿಂಗೆ? ಇಲ್ದಿರೋ ರಾಣಿಗೋಸ್ಕರ ಇರೋ ಮನೆ ಬಿಡ್ತೀಯಾ?"

ಅವಳ ಕಣ್ಣು ತುಂಬಿ ಬಂತು. "ನಂಗೂ ಒಂದೂ ತಿಳೀತಿಲ್ಲ ಕಣೇ" ಎಂದಳು. ಆದರೆ ನಿಂತಲ್ಲಿಂದ ಅಲ್ಲಾಡಲಿಲ್ಲ.

ಹಾಲು ನಾನೇ ಉಕ್ಕಿಸಿದೆ. ಗೊಂಚಲು ನನ್ನ ಸೊಂಟಕ್ಕೆ ಬಂತು. ಹಿಗ್ಗಬೇಕೋ ಅಳಬೇಕೋ ಗೊತ್ತಾಗದೆ ಉಕ್ಕಿದ ಹಾಲಿನ ಮುಂದೆ ಪೆದ್ದಿಯ ಹಾಗೆ ನಿಂತಿದ್ದೆ. ಊರವರು ಬಾಯಿಗೆ ಬಂದಂತೆ ಆಡಿಕೊಂಡರು. ಖಾಲಿ ಪೆಟ್ಟಿಗೆಗೆ ಕಾವಲು ಕೂತವಳು ಎಂದರು. ನಾನು ಅವರಿಗೆಲ್ಲ ಸರಿಯಾಗಿ ಬೈದು, ದಿನಾ ಅವಳಿಗೆ ಬುತ್ತಿ ಒಯ್ಯುತ್ತಿದ್ದೆ. ದಾರಿಯಲ್ಲಿ ಅವಳಿಗೂ ಬೈದುಕೊಳ್ಳುತ್ತಿದ್ದೆ.

ಆಷಾಢದ ಗಾಳಿ ಶುರುವಾಗಿತ್ತು. ಒಂದು ದಿನ ಹೋದಾಗ ಎರಿಯೊಂದನ್ನು ಬಿಸಿಲಿಗೆ ಹಿಡಿದು ನಿಂತಿದ್ದಳು. "ನೋಡೇ, ನೀನೇ ನೋಡೇ, ನನ್ನ ಕಣ್ಣು ನಂಬಕ್ಕಾಗ್ತಿಲ್ಲ" ಎಂದಳು. ನೋಡಿದೆ. ಎರಿಯ ಪ್ರತಿ ಪುಟ್ಟ ಗೂಡಿನ ತಳದಲ್ಲೂ ದಾರದ ಚೂರಿನಷ್ಟು ಬೆಳ್ಳಗೆ, ಒಂದೊಂದೇ ಮೊಟ್ಟೆ. ರಾಣಿ ಇದ್ದಳು! ಇಬ್ಬರೂ ಹುಡುಗಿಯರ ಹಾಗೆ ಕೂಗಿಕೊಂಡೆವು.

ನಾನು ಸೊಂಟದ ಗೊಂಚಲು ಬಿಚ್ಚಿ ಅವಳ ಮುಂದೆ ಹಿಡಿದೆ. "ತಗೋ ಅಕ್ಕಾ, ಇದು ನಿಂದು."

ಅವಳು ಅದನ್ನು ಕೈಗೆ ತಗೊಂಡು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ನನ್ನ ಸೊಂಟಕ್ಕೇ ಸಿಕ್ಕಿಸಿದಳು.

"ನೀನೇ ಇಟ್ಕೊಳೇ. ಅತ್ತೆ ನಂಗೆ ಕೊಟ್ಟಿದ್ದು ನಂಗೆ ಸಿಕ್ತು."