ಕೈತೊಳೆಯುವ ನೀರಿನ ಪರೀಕ್ಷೆ

ದಸರಾ ರಜೆ ಮುಗಿದು ಶಾಲೆ ಶುರುವಾದ ವಾರವೇ ಆ ಹುಡುಗಿಯ ಅಪ್ಪ ಟೀಸಿ ಕೇಳಿಕೊಂಡು ಬಂದರು. ತಮಿಳುನಾಡಿನ ಗಡಿಗೆ ಹತ್ತಿರದ ಹೂಗ್ಯಂ ಕಡೆಯವರು, ಸ್ವಲ್ಪ ಜಮೀನು ಇಟ್ಟುಕೊಂಡು ರಾಗಿ, ಜೋಳ ಬೆಳೆಯುವವರು. ಮನೆಯಲ್ಲಿ ಆಡುವುದು ತಮಿಳು. ಮಗಳನ್ನು ಎಂಟನೇ ಕ್ಲಾಸಿಗೆ ನಮ್ಮ ಶಾಲೆಗೆ ಸೇರಿಸಿ, ಶಾಲೆಯ ಊರಿನಲ್ಲೇ ಇದ್ದ ಅವಳ ಚಿಕ್ಕಮ್ಮನ ಮನೆಯಲ್ಲಿ ಬಿಟ್ಟಿದ್ದರು.

ನಾನು ಯಳಂದೂರಿನವಳು. ಕೊಳ್ಳೇಗಾಲದಲ್ಲಿ ಬಾಡಿಗೆ ಮನೆ ಮಾಡಿಕೊಂಡು, ಹನೂರಿನಿಂದಾಚೆಗಿನ ಆ ಸರ್ಕಾರಿ ಪ್ರೌಢಶಾಲೆಗೆ ದಿನಾ ಬಸ್ಸಿನಲ್ಲಿ ಹೋಗಿ ಗಣಿತ, ವಿಜ್ಞಾನ ಕಲಿಸುತ್ತೇನೆ. ಹುಡುಗಿಯ ಕ್ಲಾಸ್ ಟೀಚರ್ ನಾನೇ ಆದ್ದರಿಂದ ಹೆಡ್‌ಮಾಸ್ಟರು ನನ್ನನ್ನು ತಮ್ಮ ಕೋಣೆಗೆ ಕರೆಸಿದರು. ಕುರ್ಚಿ ಕೊಟ್ಟರೂ ಕೂರದೆ ಅಪ್ಪ ನಿಂತೇ ಮಾತಾಡಿದರು.

"ಪರೀಕ್ಷೇಲಿ ಏನೂ ಬರ್ದಿಲ್ವಂತೆ ಸಾ. ಅವ್ರ ಚಿಕ್ಕವ್ವ ಏಳಿದ್ಲು, ದಿನಾ ಸ್ಕೂಲಿಂದ ಬಂದು ಅಳ್ತಳಂತೆ. ತಲೆಗೆ ಅತ್ತದೆ ಇದ್ರೆ ಮಗೀಗೆ ಯಾಕ್ ಸಂಕ್ಟ ಕೊಡದು? ಟೀಸಿ ಕೊಟ್ಬುಡಿ, ಕರ್ಕಂಡ್ ಓಯ್ತೀನಿ."

ಗದರುವ ಅಪ್ಪನಾಗಿದ್ದರೆ ನಾನೂ ಎದುರು ಮಾತಾಡಬಹುದಿತ್ತು. ಈ ಮನುಷ್ಯ ಮಗಳ ಕಷ್ಟ ನೋಡಲಾರದೆ ಬಂದಿದ್ದರು. ಬಾಗಿಲಾಚೆ ಕಂಬಕ್ಕೆ ಒರಗಿ ನಿಂತಿದ್ದ ಹುಡುಗಿ ತನ್ನ ಜಡೆಯ ರಿಬ್ಬನ್ನನ್ನೇ ಬಿಚ್ಚಿ ಕಟ್ಟುತ್ತಿದ್ದಳು.

"ಮುಂದಿನ್ ವಾರ ಬನ್ನಿ, ನೋಡವ," ಎಂದು ಹೆಡ್‌ಮಾಸ್ಟರು ಹೇಳಿ ಕಳಿಸಿದರು. ಆಮೇಲೆ ನನ್ನ ಕಡೆ ತಿರುಗಿ, "ನಿಮಗೇನು ಅನ್ಸುತ್ತೆ ಮೇಡಂ, ಓದ್ತಾಳಾ?" ಎಂದು ಕೇಳಿದರು.

ನನಗೆ ಗೊತ್ತಿರಲಿಲ್ಲ. ಅದೇ ನನ್ನನ್ನು ಕಾಡಿದ್ದು. ಜೂನ್‌ನಿಂದ ನನ್ನ ಮುಂದೆ ಕೂತ ಮಗು. ಅವಳ ತಲೆಯೊಳಗೆ ಏನು ನಡೆಯುತ್ತದೆಂದು ಹೇಳಲು ನನ್ನ ಹತ್ತಿರ ಇದ್ದದ್ದು ಉತ್ತರಪತ್ರಿಕೆಗಳು ಮಾತ್ರ. ಗಣಿತದಲ್ಲಿ ಬರೀ ಅಂಕಿಗಳಿದ್ದ ಲೆಕ್ಕಗಳನ್ನು ಮಾಡಿದ್ದಳು. ನಾಲ್ಕು ಸಾಲು ಓದಿ ಅರ್ಥ ಮಾಡಿಕೊಂಡು ಮಾಡಬೇಕಾದ ಲೆಕ್ಕಗಳನ್ನು ಮುಟ್ಟಿಯೇ ಇರಲಿಲ್ಲ. ಉಳಿದ ವಿಷಯಗಳಲ್ಲಿ ಪುಟಗಳು ಖಾಲಿ. ಬಾಯಿಬಿಟ್ಟು ಕೇಳಿದರೆ ತಲೆ ತಗ್ಗಿಸುತ್ತಿದ್ದಳು, ಯಾಕೆಂದರೆ ಅವಳು ಕನ್ನಡ ಮಾತಾಡಿದರೆ ಹಿಂದಿನ ಬೆಂಚಿನವರು ನಗುತ್ತಿದ್ದರು.

ಆ ವಾರಕ್ಕೆ ನಾವು ಒಂದು ಹೊಸ ಕೆಲಸ ಇಟ್ಟುಕೊಂಡಿದ್ದೆವು. ಕೊಳ್ಳೇಗಾಲದಲ್ಲಿ ನಡೆದ ತರಬೇತಿಯೊಂದರಲ್ಲಿ, ಪ್ರಶ್ನೆಪತ್ರಿಕೆ ಬಿಟ್ಟು ಮಕ್ಕಳಿಗೆ ನಿಜವಾದ ಕೆಲಸ ಕೊಡಿ, ಅವರು ಮಾಡುವಾಗ ಹೇಗೆ ಯೋಚಿಸುತ್ತಾರೆಂದು ನೋಡಿ ಅಂಕ ಕೊಡಿ ಎಂದು ಹೇಳಿಕೊಟ್ಟಿದ್ದರು. ನಮ್ಮ ಶಾಲೆಯಲ್ಲಿ ಅಂಥ ಕೆಲಸಕ್ಕೆ ದೂರ ಹೋಗಬೇಕಿರಲಿಲ್ಲ. ಬಿಸಿಯೂಟ ಮುಗಿಸಿ ಮಕ್ಕಳು ಕೈತೊಳೆದ ನೀರೆಲ್ಲ ಅಡುಗೆಕೋಣೆಯ ಹಿಂದೆ ನಿಂತು ಕೊಳೆಯುತ್ತಿತ್ತು. ಈ ನೀರನ್ನು ಎಲ್ಲಿಗೆ ಹರಿಸಬೇಕು, ಹೇಗೆ, ಅಲ್ಲಿ ಏನು ನೆಡಬೇಕು? ಮಟ್ಟ ನೋಡುವುದು, ಅಳತೆ ಮಾಡುವುದು ನನ್ನ ಪಾಠಕ್ಕೆ. ನೀರು ಯಾರು ಎಷ್ಟು ಬಳಸುತ್ತಾರೆಂದು ವಿಚಾರಿಸುವುದು ಹೆಡ್‌ಮಾಸ್ಟರು ಕಲಿಸುತ್ತಿದ್ದ ಸಮಾಜ ವಿಜ್ಞಾನಕ್ಕೆ. ತಾವು ಮಾಡಿದ್ದನ್ನು ಎಲ್ಲರ ಮುಂದೆ ವಿವರಿಸುವುದು, ಬರೆಯುವುದು ಕನ್ನಡಕ್ಕೆ.

ಕನ್ನಡ ಮೇಷ್ಟ್ರು ನಿವೃತ್ತಿಗೆ ಹತ್ತಿರವಾಗಿದ್ದವರು, ಅಜ್ಜೀಪುರದ ಕಡೆಯವರು. ಅವರಿಗೆ ಇದು ಹಿಡಿಸಿರಲಿಲ್ಲ.

"ಮಕ್ಳು ಗುಣಿ ತೋಡ್ತವೆ, ಕೆಸರಾಡ್ತವೆ, ಸರಿ ಕಣಮ್ಮ. ಅದ್ಕೆ ಕನ್ನಡದ ಮಾರ್ಕ್ಸ್ ಎಲ್ಲಿಂದ ಆಕ್ಲಿ ನಾನು?"

"ಯಾಕೆ ಹೀಗೆ ಮಾಡಿದ್ವಿ ಅಂತ ಹೇಳ್ತಾರಲ್ಲ ಸರ್, ಅದಕ್ಕೆ."

"ನೋಡವ, ನೋಡವ," ಎಂದರು, ನೋಡುವ ಆಸೆಯೇನೂ ಇಲ್ಲದವರ ಹಾಗೆ.

ಕೆಲಸ ಶುರುವಾಗುವ ಮೊದಲೇ ನಾವು ಏನನ್ನು ಗಮನಿಸುತ್ತೇವೆಂದು ಮಕ್ಕಳಿಗೆ ಹೇಳಿದೆ. ಅಳೆದು ನೋಡಿದಿರಾ? ಹೇಳಿದ ಮಾತಿಗೆ ಕಾರಣ ಕೊಟ್ಟಿರಾ? ತಪ್ಪು ಅಂತ ಗೊತ್ತಾದಾಗ ಬದಲಾಯಿಸಿದಿರಾ? "ತಪ್ಪು ಮಾಡಿದ್ರೆ ಮಾರ್ಕ್ಸ್ ಕಟ್ ಇಲ್ವಾ ಮಿಸ್?" ಎಂದು ಒಬ್ಬ ಕೇಳಿದ. ಇಲ್ಲ ಎಂದಾಗ ಇಡೀ ಕ್ಲಾಸು ನಂಬದೆ ನಕ್ಕಿತು.

ಗಾರೆ ಕೆಲಸದವರ ಹತ್ತಿರ ಮಟ್ಟ ನೋಡುವ ಪೈಪು ಕೇಳಿ ತಂದಿದ್ದೆ. ಒಳಗಿನ ನೀರು ಕಾಣುವಂಥ ಉದ್ದನೆಯ ಪೈಪು. ಎರಡು ತುದಿಯನ್ನೂ ಎರಡು ಕೋಲುಗಳಿಗೆ ಕಟ್ಟಿ, ನೀರು ತುಂಬಿ, ಬೇರೆ ಬೇರೆ ಜಾಗದಲ್ಲಿ ನಿಲ್ಲಿಸಿದರೆ ಒಳಗಿನ ನೀರು ಎರಡೂ ಕಡೆ ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ನೆಲದಿಂದ ನೀರಿನವರೆಗೆ ಅಳೆದರೆ ಎಲ್ಲಿ ತಗ್ಗು, ಎಲ್ಲಿ ಏರು ಎಂದು ತಿಳಿಯುತ್ತದೆ.

ಆ ಹುಡುಗಿಯ ಗುಂಪಿನಲ್ಲಿ ನೀರನ್ನು ಗೇಟಿನ ಕಡೆಗೆ ಹರಿಸೋಣ ಎಂದು ಎಲ್ಲರೂ ತೀರ್ಮಾನಿಸಿದ್ದರು. ಕಣ್ಣಿಗೆ ಆ ಕಡೆಯೇ ಇಳಿಜಾರು. ಅವಳೂ ಅತ್ತಲೇ ಕೈ ತೋರಿಸಿದ್ದಳು. ಪೈಪು ಹಿಡಿದು ಅಳೆದಾಗ, ಗೇಟಿನ ಹತ್ತಿರದ ಕೋಲಿನಲ್ಲಿ ನೀರು ಕೆಳಗೆ ನಿಂತಿತ್ತು. ಗುಂಪಿನ ಲೀಡರ್ ಆಗಿದ್ದ ಚುರುಕು ಹುಡುಗ ಕೂಗಿದ: "ನೋಡ್ರುಲಾ, ಇಲ್ಲಿ ನೀರು ಕೆಳುಗ್ ಅದೆ. ಅಂಗಾರೆ ಇದೇ ತಗ್ಗು ಕಣ್ಲಾ! ನಾವ್ ಏಳಿದ್ದೇ ಸರಿ."

ಎಲ್ಲರೂ ಬರೆದುಕೊಳ್ಳತೊಡಗಿದರು. ನಾನು ಬಾಯಿ ಹಾಕಬಾರದೆಂದು ತುಟಿ ಬಿಗಿಹಿಡಿದು ನಿಂತೆ. ಆ ಹುಡುಗಿ ಮಾತ್ರ ಬರೆಯಲಿಲ್ಲ. ಕೋಲನ್ನೇ ನೋಡುತ್ತಿದ್ದವಳು ಹೋಗಿ ಒಂದು ಇಟ್ಟಿಗೆ ತಂದಳು. ತನ್ನ ಕೈಲಿದ್ದ ಕೋಲನ್ನು ಎತ್ತಿ ಇಟ್ಟಿಗೆಯ ಮೇಲೆ ನಿಲ್ಲಿಸಿದಳು. ಕೋಲಿನ ಮೇಲೆ ನೀರು ನಿಂತ ಗುರುತು ಕೆಳಕ್ಕೆ ಸರಿಯಿತು. ಇಟ್ಟಿಗೆ ತೆಗೆದಳು, ಗುರುತು ಮೇಲಕ್ಕೆ ಬಂತು. ಮತ್ತೆ ಇಟ್ಟಳು. ಲೀಡರ್ ಹುಡುಗನ ಮುಖ ನೋಡಿದಳು.

ಅವನು ಪೆನ್ನಿನ ಹಿಂಬದಿಯಿಂದ ತಲೆ ಕೆರೆದುಕೊಂಡ. "ಅಂಗಾರೆ… ಉಲ್ಟಾನಾ?"

ಅವಳು ತಲೆಯಾಡಿಸಿದಳು. ನೆಲ ಎತ್ತರವಾದಷ್ಟೂ ಕೋಲಿನಲ್ಲಿ ನೀರು ಕೆಳಗೆ ಕಾಣುತ್ತದೆ ಎಂಬುದನ್ನು ನಾನು ಎಲ್ಲೂ ಹೇಳಿಕೊಟ್ಟಿರಲಿಲ್ಲ. ಅವಳೇ ಅನುಮಾನಪಟ್ಟು, ಅವಳೇ ಪರೀಕ್ಷೆ ಮಾಡಿ, ತಾನು ಕೈ ತೋರಿಸಿದ್ದೇ ತಪ್ಪೆಂದು ಕಂಡುಕೊಂಡಿದ್ದಳು. ಆಮೇಲೆ ಗುಂಪು ಶಾಲೆಯ ಹಳೇ ಬಾವಿಯ ಕಡೆಗೂ ಪೈಪು ಹಿಡಿದು ಅಳೆದು, ತಗ್ಗು ಅತ್ತ ಎಂದು ಬರೆದುಕೊಂಡಿತು.

ಮಾರನೆಯ ದಿನ ವಿವರಿಸುವ ಸರದಿ. ಗುಂಪಿನ ಪ್ರತಿಯೊಬ್ಬರೂ ಸ್ವಲ್ಪವಾದರೂ ಮಾತಾಡಲೇಬೇಕಿತ್ತು. ಅವಳು ಎದ್ದು ನಿಂತು, "ಅಲ್ಲಿ… ಮೇಲೆ… ಇದು…" ಎಂದು ನಿಲ್ಲಿಸಿದಳು. ಹಿಂದಿನಿಂದ ಕಿಸಕ್ಕೆಂದ ಸದ್ದು ಬಂತು. ಅವಳ ಕಣ್ಣು ತುಂಬಿದವು. ಇನ್ನು ಕೂತುಬಿಡುತ್ತಾಳೆ ಎಂದುಕೊಂಡೆ.

ಆಗ ಕನ್ನಡ ಮೇಷ್ಟ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಮೆಲ್ಲಗೆ, "ಸೊಲ್ಲುಮ್ಮಾ," ಎಂದರು. ಹೇಳಮ್ಮಾ, ಎಂದು ತಮಿಳಿನಲ್ಲಿ.

ಅವರಿಗೆ ತಮಿಳು ಬರುತ್ತದೆಂದು ನಮಗಾರಿಗೂ ಗೊತ್ತಿರಲಿಲ್ಲ. ಹುಡುಗಿ ಒಮ್ಮೆ ಅವರನ್ನು ನೋಡಿದಳು. "ಅಂಗ ಮೇಡು ಸಾರ್, ಇಂಗ ಪಳ್ಳಂ," ಎಂದು ಶುರು ಮಾಡಿದಳು. ಅಲ್ಲಿ ದಿಬ್ಬ, ಇಲ್ಲಿ ತಗ್ಗು. ಆಮೇಲೆ ನಿಲ್ಲಲಿಲ್ಲ. ಬೋರ್ಡಿನ ಮೇಲೆ ಕೋಲು ಬರೆದು, ಇಟ್ಟಿಗೆ ಬರೆದು, ತಮಿಳಿನಲ್ಲಿ ಅರ್ಧ, ಕನ್ನಡದಲ್ಲಿ ಅರ್ಧ ಹೇಳುತ್ತಾ ಹೋದಳು. ಕೊನೆಗೆ ಕನ್ನಡದಲ್ಲೇ, "ನಾನು ಮೊದ್ಲು ಗೇಟ್ ಅಂದೆ. ಅದು ತಪ್ಪು. ಬಾವಿ ಕಡೆಗೆ ಓಗ್ಬೇಕು ನೀರು," ಎಂದಳು. ಹಿಂದಿನ ಬೆಂಚಿನಲ್ಲಿ ಯಾರೂ ನಗಲಿಲ್ಲ. ಒಬ್ಬ ಕೈಯೆತ್ತಿ, ಇಟ್ಟಿಗೆ ಇಟ್ಟದ್ದು ಯಾಕೆಂದು ಮತ್ತೊಂದು ಸಲ ಹೇಳಲು ಕೇಳಿದ. ಹೇಳಿದಳು.

ಸಂಜೆ ಮೂವರೂ ಅಂಕ ಹಾಕಲು ಕೂತೆವು. ಮೇಷ್ಟ್ರು ಅವಳ ಹೆಸರಿನ ಮುಂದೆ ಪೆನ್ನು ಊರಿದರು.

"ಕನ್ನಡ ಬರಲ್ಲ ಅವ್ಳಿಗೆ, ಅದು ನಿಜ. ಅದ್ಕೆ ಕಮ್ಮಿನೇ ಆಕ್ತೀನಿ. ಆದ್ರೆ ಕಾರ್ಣ ಕೊಟ್ಳಾ ಅಂದ್ರೆ ಕೊಟ್ಳು ಕಣಮ್ಮ. ಅದ್ಕೆ ಪೂರಾ. ಕನ್ನಡ ಬರಿಸೋ ಕೆಲ್ಸ ನಂದು, ನಾ ನೋಡ್ಕತೀನಿ."

ಹೇಳಿದ ದಿನ ಅಪ್ಪ ಬಂದರು. ನಾವು ಅಂಕ ತೋರಿಸಲು ಹೋಗಲಿಲ್ಲ. ಹೆಡ್‌ಮಾಸ್ಟರು ಅವರನ್ನು ಅಡುಗೆಕೋಣೆಯ ಹಿಂದಕ್ಕೆ ಕರೆದುಕೊಂಡು ಹೋಗಿ, ಹುಡುಗಿಯನ್ನು ಕರೆಸಿದರು. ಅಷ್ಟರಲ್ಲಿ ಮಕ್ಕಳು ಹಳೇ ಬಾವಿಯ ಪಕ್ಕದ ಖಾಲಿ ಜಾಗದವರೆಗೆ ಕಾಲುವೆ ತೋಡಿ, ಕೊನೆಯಲ್ಲಿ ಕರಿಬೇವು, ನುಗ್ಗೆ ನೆಟ್ಟಿದ್ದರು. ಊಟ ಆಗ ತಾನೇ ಮುಗಿದಿತ್ತು. ನೀರು ಅನ್ನದ ಅಗುಳುಗಳನ್ನು ಹೊತ್ತುಕೊಂಡು ನಿಧಾನವಾಗಿ ಹೋಗುತ್ತಿತ್ತು. ಹುಡುಗಿ ಅಪ್ಪನಿಗೆ ತಮಿಳಿನಲ್ಲಿ ವಿವರಿಸಿದಳು, ಮೇಷ್ಟ್ರು ನಮಗೆ ಕನ್ನಡದಲ್ಲಿ ಹೇಳುತ್ತಿದ್ದರು. ಅವರು ಕುಕ್ಕರಗಾಲಿನಲ್ಲಿ ಕೂತು ಕಾಲುವೆಯ ಅಂಚನ್ನು ಕೈಯಿಂದ ಒತ್ತಿ ನೋಡಿ, ಜೋರು ಮಳೆ ಬಂದರೆ ಏನು ಮಾಡುತ್ತೀ ಎಂದು ಕೇಳಿದರು.

ಅವಳು ಯೋಚಿಸಿದಳು. ಅದನ್ನು ಯೋಚಿಸಿರಲಿಲ್ಲ, ನೋಡಬೇಕು ಎಂದಳು.

ಅಪ್ಪ ನಕ್ಕುಬಿಟ್ಟರು. ಎದ್ದು ಪಂಚೆ ಕೊಡವಿಕೊಂಡು ನಮ್ಮ ಕಡೆ ತಿರುಗಿದರು. "ಇಸ್ಟ್ ಮಾತಾಡದ್ನ ನಾನೇ ಕೇಳಿರ್ನಿಲ್ಲ ಮೇಡಮ್ಮೋರೇ. ಟೀಸಿ ಬ್ಯಾಡ ಬುಡಿ. ಇಲ್ಲೇ ಇರ್ಲಿ."

ಅವಳೀಗ ಹತ್ತನೇ ಕ್ಲಾಸಿನಲ್ಲಿದ್ದಾಳೆ. ಪರೀಕ್ಷೆಗಳಲ್ಲಿ ದೊಡ್ಡ ಅಂಕವೇನೂ ಬರುವುದಿಲ್ಲ, ಆದರೆ ಖಾಲಿ ಪುಟಗಳಿಲ್ಲ. ಮೇಷ್ಟ್ರು ನಿವೃತ್ತರಾಗುವವರೆಗೂ ಊಟದ ಬಿಡುವಿನಲ್ಲಿ ಅವಳನ್ನು ಕೂರಿಸಿಕೊಂಡು ಕನ್ನಡ ಓದಿಸಿದರು. ಈಗ ತಪ್ಪು ಕನ್ನಡವನ್ನೂ ಗಟ್ಟಿಯಾಗಿಯೇ ಆಡುತ್ತಾಳೆ.

ಅಪ್ಪ ಟೀಸಿ ಬೇಡ ಎಂದ ಆ ಸಂಜೆ ಹನೂರಿನಲ್ಲಿ ಬಸ್ಸು ಬದಲಾಯಿಸಿ ಹತ್ತಿದಾಗ ನನಗೆ ಕಿಟಕಿ ಪಕ್ಕ ಸೀಟು ಸಿಕ್ಕಿತು. ಒಂದು ವಾರದಿಂದ ಬಸ್ಸಿನಲ್ಲಿ ಕೂತರೂ ಮನಸ್ಸು ಆ ಹೆಡ್‌ಮಾಸ್ಟರ ಕೋಣೆಯಲ್ಲೇ ಇರುತ್ತಿತ್ತು. ಅವತ್ತು ಗಾಳಿಗೆ ಮುಖ ಒಡ್ಡಿ ಕೂತವಳಿಗೆ ಕೊಳ್ಳೇಗಾಲಕ್ಕೆ ಮೊದಲು ಸಿಗುವ ಮಧುವನಹಳ್ಳಿ ದಾಟಿದ್ದೇ ತಿಳಿಯಲಿಲ್ಲ. ಭುಜ ತಟ್ಟಿ ಎಬ್ಬಿಸಿದ್ದು ಪಕ್ಕದ ಸೀಟಿನ ಹೆಂಗಸು.

"ಏಳವ್ವ, ಕೊಳ್ಳೇಗಾಲ ಬಂತು. ಅದೇನ್ ನಿದ್ದೆ ಓಗ್ಬುಟ್ಟಿದ್ದೆ!"