ರತ್ನಕ್ಕನ ವ್ಯಾನು ಸೋರಲಿಲ್ಲ

ಚನ್ನಗಿರಿಯ ನಮ್ಮ ಬೀದಿಯಲ್ಲಿ ಯಾರನ್ನು ಬೇಕಾದರೂ ಕೇಳಿ, ಒಂದೇ ಕಥೆ ಹೇಳುತ್ತಾರೆ. ನಮ್ಮ ಮನೆಯ ಹೊಸ ಅಂಗಳ ಕೆಡಿಸಿದ್ದು ರತ್ನಕ್ಕನ ವ್ಯಾನು. ಅದರಿಂದ ಎಂಜಿನ್ ಎಣ್ಣೆ ಸೋರುತ್ತಿತ್ತು. ಹೇಳಿದರೂ ಆಕೆ ಒಪ್ಪಲಿಲ್ಲ. ಕೊನೆಗೆ ತಾನಾಗಿಯೇ ಊರು ಬಿಟ್ಟಳು. ಅಚ್ಚುಕಟ್ಟಾದ ಕಥೆ. ಆದರೆ ಒಂದು ಹನಿ ಎಣ್ಣೆ ಬೀಳುವುದನ್ನು ಕಣ್ಣಾರೆ ಕಂಡವರು ಯಾರಿದ್ದಾರೆ? ಯಾರೂ ಇಲ್ಲ—ಏಕೆಂದರೆ ಆ ವ್ಯಾನು ಸೋರಲೇ ಇಲ್ಲ. ಆ ಕಲೆ ಮಾಡಿದವಳು ನಾನು. ಅದು ಎಣ್ಣೆಯೂ ಆಗಿರಲಿಲ್ಲ. ಗೊತ್ತಿದ್ದೂ ಸುಮ್ಮನಿದ್ದೆ ಎಂದು ಹೇಳಿಕೊಂಡರೆ ಎಷ್ಟೋ ಹಗುರಾಗುತ್ತಿತ್ತು. ಆದರೆ ನಾನು ಸುಮ್ಮನಿರಲಿಲ್ಲ. ವಾದಿಸಿದೆ. ಗೆದ್ದೆ.

ಅಂಗಳದ ವಿಷಯ ಮೊದಲು ಹೇಳಬೇಕು. ನಮ್ಮಪ್ಪ ಖೇಣಿ ಹಿಡಿಯುವವರು—ಬೇರೆಯವರ ತೋಟದ ಅಡಿಕೆಯನ್ನು ಮರದ ಮೇಲಿರುವಾಗಲೇ ಮಾತಾಡಿಕೊಂಡು, ಕೊಯ್ಯಿಸಿ, ಸುಲಿಸಿ, ಬೇಯಿಸಿ, ಒಣಗಿಸಿ ಮಾರುವ ಕೆಲಸ. ಬೇಯಿಸುವುದು ಊರಾಚೆಯ ಶೆಡ್ಡಿನಲ್ಲಿ; ಒಣಗಿಸುವುದು ಮನೆಯ ಮುಂದೆ. ಗಾಡಿಗಳು ನಿಲ್ಲುವುದೂ ಅಲ್ಲೇ. ಅಡಿಕೆಗೆ ಎಂಜಿನ್ ಎಣ್ಣೆಯ ವಾಸನೆ ಹತ್ತಿತೋ, ಮುಗಿಯಿತು. ಮಂಡಿಯಲ್ಲಿ ಒಬ್ಬ ವ್ಯಾಪಾರಿ ಹಿಡಿ ಎತ್ತಿ ಮೂಗಿಗೆ ಹಿಡಿದು ಮುಖ ಕಿವುಚಿದರೆ ಸಾಕು, ಆ ಸುಗ್ಗಿಯಿಡೀ ನಮ್ಮ ಮಾಲಿಗೆ ಅದೇ ಹೆಸರು.

ಹಿಂದೆ ಅದು ಸಗಣಿ ಸಾರಿಸುತ್ತಿದ್ದ ಮಣ್ಣಿನ ಅಂಗಳ. ಎಣ್ಣೆ ಬಿದ್ದರೆ ಅಷ್ಟು ಮಣ್ಣು ಕೆರೆದು ಎಸೆದರಾಯಿತು. ಪೇವರ್ ಕಲ್ಲು ಹಾಸಿಸಬೇಕೆಂದು ಹಠ ಹಿಡಿದವಳು ನಾನು. ಸಿಮೆಂಟು ಎಣ್ಣೆ ಕುಡಿದರೆ ಮತ್ತೆ ಕಕ್ಕುವುದಿಲ್ಲ ಎಂದು ಅಪ್ಪ ಹಿಂದೆಗೆದಾಗ, ಉತ್ತರ ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಅಂಗಳಕ್ಕೆ ಬರುವ ಪ್ರತಿ ಗಾಡಿಯ ಎಂಜಿನ್ನಿನ ಕೆಳಗೆ ಭತ್ತದ ಹೊಟ್ಟು ತುಂಬಿದ ತಗಡಿನ ತಟ್ಟೆ ಇರಬೇಕು. ಚೆಲ್ಲುವಂಥ ಯಾವ ಡಬ್ಬವೂ ತಟ್ಟೆಯಿಲ್ಲದೆ ಕಲ್ಲು ಮುಟ್ಟಬಾರದು. ಕಾನೂನು ನನ್ನದು.

ಗೋವಿನಕೋವಿಯಿಂದ ಬಂದಿದ್ದ ಮಾವ ಹೊಟ್ಟೆ ಹಿಡಿದುಕೊಂಡು ನಕ್ಕರು. "ಗಾಡಿಗೂ ಲಂಗೋಟಿ ಕಟ್ಸಾಕೆ ಹೊಂಟಾಳಲ್ರೀ ನಿಮ್ ಲಾಯರಮ್ಮ!"

"ನಗ್ರಿ ಮಾವ, ನಗ್ರಿ. ಮೊದ್ಲು ಬೇಕಾಗಿರಾದು ನಿಮ್ ಬೈಕಿಗೇ," ಅಂದೆ.

ಲಾಯರಮ್ಮ—ಮನೆಯಲ್ಲಿ ನನ್ನ ಅಡ್ಡಹೆಸರು. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗೆ ಯಾವ ಊರಿಗೆ ಕಳಿಸಿದರೂ ಬಹುಮಾನ ತರುತ್ತಿದ್ದೆ. ಪರವಾಗಿಯೂ ಮಾತಾಡುತ್ತಿದ್ದೆ, ವಿರುದ್ಧವಾಗಿಯೂ. ದೇವರು, ಜಾತಕ, ವಾಸ್ತು, ದೃಷ್ಟಿ ತೆಗೆಯುವುದು—ಯಾವುದಕ್ಕೂ "ಪುರಾವೆ ಎಲ್ಲಿ?" ಎನ್ನುತ್ತಿದ್ದವಳು. ಪರೀಕ್ಷೆಗೆ ಒಡ್ಡದ ಮಾತನ್ನು ನಂಬಬೇಡಿ ಎಂದು ಅಜ್ಜಿಗೂ ಬೋಧಿಸಿದವಳು. ಇದನ್ನು ಇಲ್ಲೇ ಹೇಳಿಬಿಡುತ್ತೇನೆ, ಮುಂದೆ ಹೇಳುವುದು ಕಷ್ಟ.

ರತ್ನಕ್ಕ ಜಗಳೂರು ಕಡೆಯ ಬಿಳಿಚೋಡಿನವರು. ನಮ್ಮ ಹಿಂಬದಿಯ ಕೋಣೆಯಲ್ಲಿ ಬಾಡಿಗೆಗಿದ್ದು ಶಾಲಾ ಮಕ್ಕಳ ವ್ಯಾನು ಓಡಿಸುತ್ತಿದ್ದರು. ಹೆಂಗಸು ವ್ಯಾನು ಓಡಿಸುವುದೇ ಎಂದು ಅಡ್ಡ ನಿಂತ ಅಣ್ಣಂದಿರೊಂದಿಗೆ ಜಗಳವಾಡಿ ಲೈಸೆನ್ಸು ಮಾಡಿಸಿದವರು. "ಕುರಿ ಕಾಯಾಕೆ ಆಗ್ತೈತೆ, ಹೊಲದ ಕಳೆ ಕೀಳಾಕೆ ಆಗ್ತೈತೆ, ಸ್ಟೇರಿಂಗ್ ಹಿಡಿಯಾಕೆ ಮಾತ್ರ ಹೆಂಗ್ಸಿನ ಕೈ ಸಾಲಲ್ವಂತೆ" ಎಂದು ನಗುತ್ತಿದ್ದರು. ನನ್ನ ಕಾನೂನನ್ನು ಎಲ್ಲರೂ ವಾರದೊಳಗೆ ಮರೆತರು. ರತ್ನಕ್ಕ ಮಾತ್ರ ಸಂಜೆ ವ್ಯಾನು ನಿಲ್ಲಿಸಿದ ತಕ್ಷಣ ಕಾಲಿನಲ್ಲಿ ತಟ್ಟೆಯನ್ನು ಎಂಜಿನ್ ಕೆಳಗೆ ತಳ್ಳುತ್ತಿದ್ದರು, ಬೆಳಗ್ಗೆ ಎಳೆದು ಹೊಟ್ಟು ನೋಡುತ್ತಿದ್ದರು. ಆ ಮೇಲೇ ಬೀಗದ ಕೈ ತಿರುಗಿಸುವುದು.

ಆ ಮಧ್ಯಾಹ್ನ ಅಪ್ಪ ನನ್ನನ್ನು ತ್ಯಾವಣಿಗೆಗೆ ಕಳಿಸಿದ್ದರು, ಅತ್ತೆಯ ಮನೆಯಿಂದ ಒಂದು ಕ್ಯಾನು ಚೊಗರು ತರಲು. ಚೊಗರು ಎಂದರೆ ಅಡಿಕೆ ಬೇಯಿಸಿದ ಹಂಡೆಯಲ್ಲಿ ಉಳಿಯುವ ಮಂದ ರಸ, ಕಾಕಂಬಿಯಂತೆ ಕರಿಗೆಂಪು. ಮುಂದಿನ ಅಡಿಕೆಗೆ ಅದನ್ನು ಸೇರಿಸಿದರೆ ಬಣ್ಣ ಏರುತ್ತದೆ. ಸ್ಕೂಟಿಯ ಮುಂದೆ ಇಟ್ಟುಕೊಂಡು ತಂದೆ. ವ್ಯಾನು ಶಾಲೆಗೆ ಹೋಗಿತ್ತು. ಅದರ ಖಾಲಿ ಜಾಗದಲ್ಲಿ, ನೆರಳಿತ್ತು ಎಂದು, ಕ್ಯಾನು ಇಳಿಸಿದೆ. ತಟ್ಟೆ ಇಡಲಿಲ್ಲ. ಹೊನ್ನಾಳಿಯಲ್ಲಿ ನಡೆಯಲಿದ್ದ ಸ್ಪರ್ಧೆಯ ವಿಷಯ ತಿಳಿಸಲು ಗೆಳತಿ ಫೋನು ಮಾಡಿದಳು. ಮಾತಾಡುತ್ತಾ ಸ್ಕೂಟಿ ಹಿಂದಕ್ಕೆ ತಳ್ಳಿದೆ, ಚಕ್ರ ಕ್ಯಾನಿಗೆ ತಾಗಿತು, ಮುಚ್ಚಳ ಸಡಿಲವಿತ್ತು—

ಗೋಣಿ ಹಾಕಿ ಒರೆಸಿದೆ. ಬಕೆಟ್ಟುಗಟ್ಟಲೆ ನೀರು ಸುರಿದೆ. ಕಲ್ಲು ಅಷ್ಟರಲ್ಲಿ ಕುಡಿದಾಗಿತ್ತು. ಸಂಜೆ ರತ್ನಕ್ಕ ಬಂದಾಗ ಮೂಲೆಯೆಲ್ಲ ಒದ್ದೆಯಾಗಿ ಒಂದೇ ಬಣ್ಣ; ಅಂಗಳ ತೊಳೆದಿದ್ದಾರೆ ಎಂದುಕೊಂಡು ವ್ಯಾನು ಅಲ್ಲೇ ನಿಲ್ಲಿಸಿ, ತಟ್ಟೆ ತಳ್ಳಿ ಒಳಗೆ ಹೋದರು. ಚೊಗರು ಕಡಿಮೆಯಿದೆಯಲ್ಲ ಎಂದ ಅಪ್ಪನಿಗೆ, ಅತ್ತೆ ಕೊಟ್ಟಿದ್ದೇ ಇಷ್ಟು ಎಂದೆ. ಅದು ಸಣ್ಣ ಸುಳ್ಳು. ದೊಡ್ಡದು ಇನ್ನೂ ಬಾಯಿಗೆ ಬಂದಿರಲಿಲ್ಲ.

ಮರುದಿನ ಕಲ್ಲು ಒಣಗಿತು. ವ್ಯಾನಿನ ಜಾಗದಲ್ಲಿ ಕಪ್ಪು ಕಲೆ. ವರ್ಷವಿಡೀ ಚೊಗರಿನಲ್ಲಿ ಕೈ ಅದ್ದುವ ನಮ್ಮ ಮನೆಯವರೇ ಅದನ್ನು ನೋಡಿ ಎಣ್ಣೆ ಎಂದರು. ವ್ಯಾನು ನಿಲ್ಲುವ ಜಾಗವಲ್ಲವೇ—ಇನ್ನೇನು ತೋಚೀತು? ಮೂಗಿಗೆ ಹತ್ತಬೇಕಿತ್ತು, ಸುಗ್ಗಿಯಲ್ಲಿ ಮನೆಯೆಲ್ಲ ಅದೇ ವಾಸನೆಯಾದ್ದರಿಂದ ಅದೂ ಹತ್ತಲಿಲ್ಲ.

ರತ್ನಕ್ಕ ಮಕ್ಕಳನ್ನು ಮನೆಮನೆಗೆ ಬಿಟ್ಟು ಬಂದ ಹೊತ್ತಿಗೆ ಅಪ್ಪ ಅಂಗಳದಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು. ನಮ್ಮ ಬೀದಿಯ ಸುಜಾತಮ್ಮ ಕೂಡ ಇದ್ದರು, ಮಗಳು ವ್ಯಾನಿನಲ್ಲಿ ಮರೆತ ನೀರಿನ ಬಾಟಲಿಗೆಂದು ಬಂದವರು.

"ಏನವ್ವಾ ರತ್ನಮ್ಮ, ಇದು?"

ರತ್ನಕ್ಕ ಬಗ್ಗಿ ನೋಡಿದರು. ತಟ್ಟೆ ಎತ್ತಿ ತಂದು ಅಪ್ಪನ ಮುಂದೆ ಹಿಡಿದರು. "ನಂದಲ್ಲಣ್ಣ. ಹೊಟ್ಟು ನೋಡ್ರಿ, ಒಣಗೇ ಐತೆ."

ಅಪ್ಪ ತಡವರಿಸಿದರು. ಆ ಕ್ಷಣ ಎಲ್ಲವೂ ಮುಗಿಯಬಹುದಿತ್ತು. ನಾನು ಬಾಯಿ ತೆರೆದೆ—ತಪ್ಪೊಪ್ಪಿಕೊಳ್ಳಲು ಎಂದೇ ತೆರೆದೆನೇನೋ, ಈಗಲೂ ಖಚಿತವಿಲ್ಲ—ಆದರೆ ಬಂದ ಮಾತು ಬೇರೆ. "ಕಲ್ಲು ಕಪ್ಪಾಗೈತೆ, ಹೊಟ್ಟು ಒಣಗೈತೆ ಅಂದ್ರೆ, ತಟ್ಟೆ ಸರಿಯಾದ ಜಾಗದಾಗೆ ಇಟ್ಟಿರ್ಲಿಲ್ಲ ಅಂತ ಅರ್ಥ."

ಎಷ್ಟು ಚೆಂದದ ತಿರುವು, ಅಲ್ಲವೇ? ಅವರ ಸಾಕ್ಷಿಯನ್ನೇ ಅವರ ಮೇಲೆ ತಿರುಗಿಸಿದ್ದೆ. ವೇದಿಕೆಯ ಮೇಲಾಗಿದ್ದರೆ ಚಪ್ಪಾಳೆ ಬೀಳುತ್ತಿತ್ತು.

ರತ್ನಕ್ಕ ಸಿಟ್ಟಾಗಲಿಲ್ಲ. "ಒಂದ್ ಚೊಂಬು ನೀರು ಹಾಕಿ ನೋಡ್ರಿ ಹಂಗಾರೆ. ಎಣ್ಣೆ ಆಗಿದ್ರೆ ನೀರು ಇಳಿಯಲ್ಲ, ಮೇಲೇ ಹನಿ ಕಟ್ತೈತೆ."

ಸರಿಯಾದ ಪರೀಕ್ಷೆ. ನಾನು ಲೋಕಕ್ಕೆಲ್ಲ ಬೇಕು ಬೇಕು ಎನ್ನುತ್ತಿದ್ದುದು ಅದನ್ನೇ. ಅಪ್ಪ ನಲ್ಲಿಯ ಹತ್ತಿರ ಹೋಗಿ ಚೊಂಬು ತುಂಬಿಸಿಯೂ ಆಗಿತ್ತು. ನೀರು ಬಿದ್ದರೆ ಕಲ್ಲು ಹೀರುತ್ತದೆ, ಅಂಚಿನಲ್ಲಿ ಕೆಂಪು ಬಿಡುತ್ತದೆ, ಅಪ್ಪ ಅರೆಗಳಿಗೆಯಲ್ಲಿ ಚೊಗರು ಅನ್ನುತ್ತಾರೆ—ಎಲ್ಲ ಗೊತ್ತಿತ್ತು ನನಗೆ.

"ಬ್ಯಾಡಪ್ಪ!" ಎಂದು ಅಡ್ಡ ನಿಂತೆ. "ನೀರು ಹಾಕಿದ್ರೆ ಎಣ್ಣೆ ಪಕ್ಕದ ಕಲ್ಲಿಗೂ ಹರಡ್ತೈತೆ. ನಾಳೆ ಅಡಿಕೆ ಹರವಾದು ಎಲ್ಲಿ?"

ಅಪ್ಪ ಚೊಂಬು ಕೆಳಗಿಟ್ಟರು.

ಇಲ್ಲಿಗೆ ನಿಲ್ಲಿಸಿದ್ದರೂ… ಇಲ್ಲ, ನಿಲ್ಲಿಸಲಿಲ್ಲ. ಎದುರಾಳಿ ಉಸಿರು ತೆಗೆದುಕೊಳ್ಳುವ ಮೊದಲೇ ಕೊನೆಯ ಏಟು ಹಾಕಬೇಕು ಎಂದು ಕಲಿತಿದ್ದೆ. ಸುಜಾತಮ್ಮನ ಕಡೆ ತಿರುಗಿ ಹೇಳಿದೆ: "ಎಣ್ಣೆ ಸೋರೋದೇ ಗೊತ್ತಾಗ್ದಿದ್ದೋರಿಗೆ ಬ್ರೇಕ್ ಸಡ್ಲಾಗಿದ್ದು ಗೊತ್ತಾಗ್ತೈತಾ? ಅದ್ರಾಗೆ ಮಕ್ಳು ಕೂರ್ತಾವೆ."

ಸೋರುವ ಎಣ್ಣೆಗೂ ಬ್ರೇಕಿಗೂ ಏನು ಸಂಬಂಧ? ಒಂದು ಅನುಮಾನದಿಂದ ಇನ್ನೊಂದಕ್ಕೆ ಸೇತುವೆಯಿಲ್ಲದೆ ಹಾರುವುದು ಕುತರ್ಕ ಎಂದು ನಾನೇ ಜೂನಿಯರುಗಳಿಗೆ ಪಾಠ ಮಾಡುತ್ತಿದ್ದೆ. ಆದರೆ ತಾಯಿಯೊಬ್ಬಳ ಮುಂದೆ ಕುತರ್ಕವನ್ನು ಯಾರು ಬಿಡಿಸಿ ನೋಡುತ್ತಾರೆ? ಸುಜಾತಮ್ಮ ಬಾಟಲಿ ತೆಗೆದುಕೊಂಡು ಹೊರಟೇಹೋದರು. ರತ್ನಕ್ಕ ತಟ್ಟೆ ಹಿಡಿದುಕೊಂಡೇ ನಿಂತಿದ್ದರು. ನನ್ನನ್ನು ನೋಡಿದರು. ಅದು ಸಿಟ್ಟಿನ ನೋಟವೂ ಆಗಿರಲಿಲ್ಲ. ಲೆಕ್ಕ ತಪ್ಪಿದವರ ಹಾಗೆ—ಎಲ್ಲಿ ತಪ್ಪಿತೆಂದು ತಮ್ಮೊಳಗೇ ಹುಡುಕುವವರ ಹಾಗೆ.

ಮಾತು ಬೀದಿ ದಾಟಿತು. ಹೆಂಗಸಿನ ಡ್ರೈವಿಂಗು ಎಂದು ಮೊದಲೇ ಮೂಗು ಮುರಿಯುತ್ತಿದ್ದವರಿಗೆ ಒಂದು ಕಾರಣ ಸಿಕ್ಕಿತು. ಒಬ್ಬೊಬ್ಬರಾಗಿ ಮಕ್ಕಳನ್ನು ಬೇರೆ ವ್ಯಾನಿಗೆ ಹಾಕಿದರು. ಸುಗ್ಗಿ ಮುಗಿಯುವ ಮೊದಲೇ ರತ್ನಕ್ಕ ಹಾಸಿಗೆ, ಪಾತ್ರೆಗಳನ್ನು ಮಕ್ಕಳು ಕೂರುತ್ತಿದ್ದ ಸೀಟುಗಳ ಮೇಲೆ ಪೇರಿಸಿಕೊಂಡು ಬಿಳಿಚೋಡಿಗೆ ಹೊರಟುಹೋದರು. ನಾನು ಕಿಟಕಿಯಿಂದ ನೋಡಿದೆ. ಹೊರಗೆ ಬರಲಿಲ್ಲ. ಆ ವರ್ಷದ ಮಳೆಗೇ ಕಲೆ ಮಸುಕಾಯಿತು. ಎಣ್ಣೆಯ ಕಲೆ ಮಳೆಗೆ ಹೋಗುತ್ತದೆಯೇ ಎಂದು ಯಾರೂ ಕೇಳಲಿಲ್ಲ. ಕೇಳಬೇಕಾದವಳು ನಾನೇ ಆಗಿದ್ದೆನಲ್ಲ.

ಈಚೆಗೆ ಜಗಳೂರಿಗೆ ಚರ್ಚಾಸ್ಪರ್ಧೆಯೊಂದರ ತೀರ್ಪುಗಾರ್ತಿಯಾಗಿ ಹೋಗಿದ್ದೆ. ಹೌದು, ತೀರ್ಪುಗಾರ್ತಿ. ವಾಪಸು ಬರುವಾಗ ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಭುಜ ತಟ್ಟಿದರು.

"ಲಾಯರಮ್ಮ! ಆರಾಮಿದ್ದೀಯೇನವ್ವಾ? ಅಪ್ಪ ಹೆಂಗವ್ರೆ?"

ರತ್ನಕ್ಕ. ಕೈಯಲ್ಲಿ ಬಟ್ಟೆಯ ಗಂಟು. ವ್ಯಾನು ಹೇಗಿದೆ ಎಂದು ಕೇಳಿದೆ—ಬೇರೇನು ಕೇಳಲೂ ತೋಚದೆ.

"ಮಾರ್ಬಿಟ್ಟೆ ಕಣವ್ವಾ. ಈಗ ಹೊಲಿಗೆ ಮಷೀನು. ಕಾಲಿಗೊಂದು ಪೆಡಲ್ ಆದ್ರೂ ಐತಲ್ಲ!" ನಕ್ಕರು. ನಗು ಬೇಗ ಇಳಿಯಿತು. "ನೀನು ಅವತ್ತು ಬ್ರೇಕಿನ ಮಾತು ಆಡಿದ್ಯಲ್ಲ, ಗ್ಯಾರೇಜಿಗೆ ತೋರ್ಸಿದೆ. ಏನೂ ಇಲ್ಲ, ಒಂದ್ ಹನಿನೂ ಸೋರಲ್ಲ ಅಂದ್ರು. ಆದ್ರೂ ಕಲ್ಲು ಕಪ್ಪಾಗಿದ್ದು ನಾನೇ ನೋಡಿದ್ನಲ್ಲ. ನಂಗೇ ಕಾಣ್ದಂಗೆ ಏನೋ ಐತೆ ಅನ್ನಿಸ್ತಿತ್ತು. ಇಲ್ಲಿ ನಾಕ್ ಮಕ್ಳನ್ನ ಕೂರಿಸ್ಕೊಂಡು ಹೊಂಟೆ, ತಿರುವು ಬಂದ್ರೆ ಸಾಕು, ಕಾಲು ನಡುಗಾದು. ಯಾರ ಮಗೂಗೋ ಏನಾದ್ರೂ ಆದ್ರೆ? ನೀನು ಹೇಳಿದ್ದು ಒಳ್ಳೇದೇ ಆಯ್ತು ಬಿಡು."

ಬಸ್ಸು ಬಂತು. ನಾನು ಹತ್ತಿದೆ. ಹತ್ತಿಬಿಟ್ಟೆ—ಚೊಗರಿನ ಮಾತೆತ್ತದೆ.

ಆಕೆ ನನ್ನನ್ನು ದ್ವೇಷಿಸುತ್ತಿರಬಹುದು ಎಂದು ಇಷ್ಟು ವರ್ಷ ಅಂದುಕೊಂಡಿದ್ದೆ; ಅದನ್ನು ಹೇಗೋ ತಾಳಿಕೊಂಡಿದ್ದೆ. ಆದರೆ ಆಕೆ ನನ್ನನ್ನು ನಂಬಿದ್ದರು. ಕೆಲಸ ಬಲ್ಲವರ ಮಾತಿಗಿಂತ, ತಮ್ಮದೇ ಒಣ ತಟ್ಟೆಗಿಂತ ಹೆಚ್ಚಾಗಿ.

ಮನೆಗೆ ಬಂದವಳೇ ಅಪ್ಪನಿಗೆ ಎಲ್ಲ ಹೇಳಿದೆ. ಮೊದಲು ನಕ್ಕರು. "ಚೊಗರಾ? ಅಯ್ಯೋ ಹುಚ್ಚಿ, ಅಡಿಕೆಗೆ ಹಚ್ಚಾದೇ ಅದು. ಅದು ಚೆಲ್ಲಿದ್ರೆ ಅಂಗಳಕ್ಕೇನಾಗ್ತಿತ್ತು?" ಆಮೇಲೆ ನಗು ನಿಂತಿತು. "ಈಗ್ಯಾಕೆ ಕೆದಕ್ತೀಯ, ಬಿಡು. ಆ ಹೆಣ್ಮಗಳು ಮರ್ತಿರ್ತಾಳೆ" ಎಂದರು.

ಮರೆತಿಲ್ಲ. ನಾನು ನೋಡಿ ಬಂದಿದ್ದೇನೆ. ಹೇಳಿದರೆ ಯಾರಿಗೆ ನೆಮ್ಮದಿ, ನನಗೋ ಅವರಿಗೋ ಎಂದು ನನ್ನೊಳಗಿನ ವಾದಿ ಈಗಲೂ ಎರಡೂ ಕಡೆಯಿಂದ ಮಾತಾಡುತ್ತಿದ್ದಾಳೆ. ಅವಳಿಗೆ ಸಮಯ ಮುಗಿಯಿತು. ಭಾನುವಾರ ಬಿಳಿಚೋಡಿಗೆ ಹೋಗುತ್ತೇನೆ. ಬಂದು ನಮ್ಮ ಬೀದಿಯಲ್ಲಿ ಸುಜಾತಮ್ಮನ ಮನೆಯಿಂದ ಶುರುಮಾಡಿ ಬಾಗಿಲು ಬಾಗಿಲಿಗೂ ಇದನ್ನೇ ಹೇಳುತ್ತೇನೆ. ಕ್ಷಮೆ ಕೇಳುವ ಧೈರ್ಯ ಬರುತ್ತದೋ ಇಲ್ಲವೋ ತಿಳಿಯದು, ನಿಜವನ್ನಂತೂ ಹೇಳುತ್ತೇನೆ. ಆದರೆ ಅದಕ್ಕೂ ಮೊದಲು ಒಂದು ಪ್ರಶ್ನೆ ನನ್ನನ್ನು ಕೂರಲು ಬಿಡುತ್ತಿಲ್ಲ, ನಿಲ್ಲಲು ಬಿಡುತ್ತಿಲ್ಲ.

ರತ್ನಕ್ಕ, ನಿಮ್ಮ ಗಾಡಿಯಲ್ಲಿ ಎಂದೂ ಏನೂ ಕೆಟ್ಟಿರಲಿಲ್ಲ ಎಂದು ನಾನೇ ಬಾಯಿಬಿಟ್ಟು ಹೇಳಿದರೆ—ಮತ್ತೊಮ್ಮೆ ಸ್ಟೇರಿಂಗ್ ಹಿಡಿದು, ಮಕ್ಕಳನ್ನು ಕೂರಿಸಿಕೊಂಡು ಆ ತಿರುವಿಗೆ ಬಂದಾಗ, ನಿಮ್ಮ ಕಾಲು ನಡುಗುವುದು ನಿಲ್ಲುತ್ತದೆಯೇ?